ನಿಮ್ಮ ಹೊಟ್ಟೆಯ ನಕ್ಷೆ ನಿಮಗೆ ಗೊತ್ತಿದೆಯೇ? ಬಾಯಿಯಿಂದ ಗುದದ್ವಾರದವರೆಗೆ, ಹಂತ ಹಂತವಾಗಿ

“ನನಗೆ ಗ್ಯಾಸ್ಟ್ರಿಕ್ ಇದೆ, ಏನು ತಿನ್ನಬೇಕು?” ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನಷ್ಟು ಬರುತ್ತವೆ. ಲಿವರ್ ಇರುವುದು ಎಡಕ್ಕೋ ಬಲಕ್ಕೋ? ಉಂಡದ್ದು ಕರಗಲು ಎಷ್ಟು ಹೊತ್ತು ಬೇಕು? ಹೊಕ್ಕುಳ ಹತ್ತಿರ ನೋವು ಬಂದರೆ ಅದು ಅಪೆಂಡಿಕ್ಸೇ? ಊಟದ ನಡುವೆ ನೀರು ಕುಡಿಯಬಹುದೇ?

ಈ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ತೊಂದರೆ ಎಲ್ಲಿದೆ ಎಂಬುದು ತಿಳಿಯುತ್ತದೆ. ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಅಪಾನವಾಯು, ಪಕ್ಕೆಯಲ್ಲಿ ಹಿಡಿತ, ಎಲ್ಲವನ್ನೂ ನಾವು ಒಂದೇ ಕಾಯಿಲೆ ಎಂದುಕೊಂಡಿದ್ದೇವೆ. ಎಲ್ಲಕ್ಕೂ ಔಷಧದ ಅಂಗಡಿಯಿಂದ ಒಂದೇ ಮಾತ್ರೆ ತರುತ್ತೇವೆ. ವಾಸ್ತವದಲ್ಲಿ ಇವು ಬೇರೆ ಬೇರೆ ಅಂಗಗಳಿಂದ, ಬೇರೆ ಬೇರೆ ಕಾರಣಗಳಿಂದ ಬರುತ್ತವೆ. ಯಾವುದು ಎಲ್ಲಿದೆ, ಏನು ಮಾಡುತ್ತದೆ ಎಂಬುದು ಗೊತ್ತಿದ್ದವರು ವೈದ್ಯರ ಮುಂದೆ ಸರಿಯಾದ ಮಾತು ಹೇಳಬಲ್ಲರು, ಎಷ್ಟೋ ಸಲ ಜೀವವನ್ನೂ ಉಳಿಸಿಕೊಳ್ಳಬಲ್ಲರು. ಆದ್ದರಿಂದ ಈ ಲೇಖನವನ್ನು ಓದಿ ಮಡಿಸಿಡಬೇಡಿ. ಹಂತಗಳನ್ನು ನಿಮ್ಮ ಮೈಮೇಲೆಯೇ ಕೈಯಿಟ್ಟು ನೋಡುತ್ತಾ ಸಾಗಿ.

ಬೇಕಾಗಿರುವುದು ಇಷ್ಟೇ: ಒಂದು ಹಾಳೆ, ಒಂದು ಪೆನ್ನು, ಮಲಗಲು ಒಂದು ಚಾಪೆ, ಮತ್ತು ಜೊತೆಯಲ್ಲಿ ಸಾಗಲು ಒಂದು ಊಟ. ರಾಗಿಮುದ್ದೆ, ಅವರೆಕಾಳಿನ ಸಾರು, ಕೊನೆಗೆ ಮಜ್ಜಿಗೆ ಎಂದಿಟ್ಟುಕೊಳ್ಳೋಣ. ಇದರಲ್ಲಿ ಪಿಷ್ಟ, ಪ್ರೋಟೀನ್, ಕೊಬ್ಬು, ನಾರು ಎಲ್ಲವೂ ಇವೆ. ಮುಂದೆ ಬರುವ ಅಳತೆಗಳು ವಯಸ್ಕರವು. ವ್ಯಕ್ತಿಯಿಂದ ವ್ಯಕ್ತಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತವೆ.

ಹಂತ 1: ನಕ್ಷೆ ಬರೆದುಕೊಳ್ಳಿ

ಅಂಗಾತ ಮಲಗಿ. ಎದೆಯ ಮಧ್ಯದ ಮೂಳೆ ಕೆಳಗೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಬೆರಳಿನಿಂದ ಹುಡುಕಿ. ಅಲ್ಲಿಂದ ಹೊಕ್ಕುಳ ಮೂಲಕ ನೇರವಾಗಿ ಕೆಳಕ್ಕೆ ಒಂದು ಗೆರೆಯನ್ನು ಕಲ್ಪಿಸಿಕೊಳ್ಳಿ. ಹೊಕ್ಕುಳ ಮೇಲೆಯೇ ಅಡ್ಡಲಾಗಿ ಇನ್ನೊಂದು ಗೆರೆ. ಈಗ ಹೊಟ್ಟೆ ನಾಲ್ಕು ಭಾಗವಾಯಿತು. ವೈದ್ಯರೂ ಹೊಟ್ಟೆಯನ್ನು ಹೀಗೆಯೇ ಭಾಗ ಮಾಡಿಕೊಂಡು ಮುಟ್ಟಿ ನೋಡುತ್ತಾರೆ. ಇದನ್ನು ಹಾಳೆಯ ಮೇಲೆ ಬರೆದು ಹೀಗೆ ತುಂಬಿಸಿ:

ಬಲ ಮೇಲ್ಭಾಗ: ಪಕ್ಕೆಲುಬುಗಳ ಅಡಿಯಲ್ಲಿ ಲಿವರ್, ಅಂದರೆ ಯಕೃತ್ತು. ಅದರ ಕೆಳಮೈಗೆ ಅಂಟಿಕೊಂಡು ಪಿತ್ತಕೋಶ.

ಎಡ ಮೇಲ್ಭಾಗ: ಜಠರದ ಹೆಚ್ಚಿನ ಭಾಗ. ಜಠರದ ಹಿಂದೆ ಅಡ್ಡಡ್ಡಲಾಗಿ, ಬೆನ್ನಿಗೆ ಹತ್ತಿರದಲ್ಲಿ ಮೇದೋಜ್ಜೀರಕ ಗ್ರಂಥಿ.

ಬಲ ಕೆಳಭಾಗ: ದೊಡ್ಡ ಕರುಳು ಆರಂಭವಾಗುವ ಜಾಗ ಮತ್ತು ಅಪೆಂಡಿಕ್ಸ್.

ಎಡ ಕೆಳಭಾಗ: ದೊಡ್ಡ ಕರುಳಿನ ಕೊನೆಯ ತಿರುವು.

ನಡುವೆ, ಹೊಕ್ಕುಳ ಸುತ್ತ: ಸುರುಳಿ ಸುತ್ತಿಕೊಂಡ ಸಣ್ಣ ಕರುಳು.

ಎಚ್ಚರಿಕೆ: ಪುಸ್ತಕದ ಚಿತ್ರಗಳಲ್ಲಿ ವ್ಯಕ್ತಿ ನಿಮ್ಮ ಎದುರಿಗೆ ನಿಂತಿರುತ್ತಾನೆ. ಅವನ ಬಲ ನಿಮಗೆ ಎಡಗಡೆ ಕಾಣಿಸುತ್ತದೆ. ಲಿವರ್ ಎಡಕ್ಕಿದೆ ಎಂಬ ತಪ್ಪು ಕಲ್ಪನೆ ಹುಟ್ಟುವುದು ಬಹುಪಾಲು ಇಲ್ಲಿಂದಲೇ. ಹಾಳೆಯ ಮೇಲೆ “ನನ್ನ ಬಲ”, “ನನ್ನ ಎಡ” ಎಂದು ಸ್ಪಷ್ಟವಾಗಿ ಬರೆದುಕೊಳ್ಳಿ.

ಹಂತ 2: ಬಾಯಿ

ಮೂರು ಜೊತೆ ಲಾಲಾಗ್ರಂಥಿಗಳು ದಿನಕ್ಕೆ ಸುಮಾರು ಒಂದರಿಂದ ಒಂದೂವರೆ ಲೀಟರ್ ಜೊಲ್ಲು ಸುರಿಸುತ್ತವೆ. ಅದರಲ್ಲಿ ಅಮೈಲೇಸ್ ಎಂಬ ಕಿಣ್ವ ಇದೆ. ಕಿಣ್ವ ಎಂದರೆ ದೊಡ್ಡ ಅಣುಗಳನ್ನು ಕತ್ತರಿಸಿ ಚಿಕ್ಕದಾಗಿಸುವ ಪ್ರೋಟೀನ್. ಅಮೈಲೇಸ್ ಪಿಷ್ಟವನ್ನು ಸಕ್ಕರೆಯ ಕಡೆಗೆ ಒಡೆಯುತ್ತದೆ. ಪರೀಕ್ಷಿಸಬೇಕೆಂದರೆ ಬರಿಯ ಚಪಾತಿಯ ಒಂದು ಚೂರನ್ನು ನುಂಗದೆ ಒಂದೆರಡು ನಿಮಿಷ ಅಗಿಯುತ್ತಲೇ ಇರಿ. ನಿಧಾನವಾಗಿ ಸಿಹಿ ಬರುತ್ತದೆ.

ಹಾಗಾದರೆ ಮುದ್ದೆಯ ಗತಿ? ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. “ಅಗಿಯದೆ ನುಂಗಿದರೆ ಜೀರ್ಣವಾಗುವುದಿಲ್ಲವಲ್ಲ” ಎಂದು ಕೇಳುವವರು ತುಂಬಾ ಮಂದಿ. ಆಗುತ್ತದೆ. ಪಿಷ್ಟವನ್ನು ಒಡೆಯುವ ಕೆಲಸದ ದೊಡ್ಡ ಪಾಲು ನಡೆಯುವುದು ಸಣ್ಣ ಕರುಳಿನಲ್ಲಿ. ಮೇದೋಜ್ಜೀರಕ ಗ್ರಂಥಿ ತನ್ನದೇ ಅಮೈಲೇಸನ್ನು ಅಲ್ಲಿಗೆ ಕಳಿಸುತ್ತದೆ. ಮುದ್ದೆ ಮೊದಲೇ ಚೆನ್ನಾಗಿ ಬೆಂದು ಮೆತ್ತಗಾದ ಹಿಟ್ಟು. ಹಲ್ಲು ಮಾಡಬೇಕಾದ ಕೆಲಸವನ್ನು ಬೀಸುವ ಕಲ್ಲು ಮತ್ತು ಒಲೆ ಮುಗಿಸಿರುತ್ತವೆ. ಕಾಳು, ಮಾಂಸ, ಹಸಿ ತರಕಾರಿ, ಕಡಲೆಬೀಜಗಳ ಮಾತು ಬೇರೆ, ಅವನ್ನು ಅಗಿಯಲೇಬೇಕು.

ಎಚ್ಚರಿಕೆ: ಪಾರ್ಶ್ವವಾಯು ಆದವರಿಗೆ ಮತ್ತು ನುಂಗುವಾಗ ಕೆಮ್ಮು ಬರುವ ಹಿರಿಯರಿಗೆ ಮುದ್ದೆಯ ತುತ್ತು ಅಪಾಯಕಾರಿಯಾಗಬಹುದು. ಅವರಿಗೆ ಏನು ಕೊಡಬಹುದು, ಹೇಗೆ ಕೊಡಬೇಕು ಎಂಬುದನ್ನು ವೈದ್ಯರಿಂದ ಕೇಳಿ ತಿಳಿದುಕೊಳ್ಳಿ.

ಹಂತ 3: ಗಂಟಲು, ಅನ್ನನಾಳ, ಮತ್ತು ಎದೆಯುರಿಯ ಮೂಲ

ಗಂಟಲಿನಲ್ಲಿ ಗಾಳಿಯ ದಾರಿ ಮತ್ತು ಅನ್ನದ ದಾರಿ ಒಂದೆಡೆ ಸೇರಿ ಮತ್ತೆ ಬೇರೆಯಾಗುತ್ತವೆ. ನುಂಗುವ ಕ್ಷಣದಲ್ಲಿ ಎಪಿಗ್ಲಾಟಿಸ್ ಎಂಬ ಮುಚ್ಚಳ ಬಾಗಿ ಶ್ವಾಸನಾಳದ ಬಾಯಿಯನ್ನು ಮುಚ್ಚುತ್ತದೆ. ಉಣ್ಣುವಾಗ ಮಾತಾಡಬೇಡಿ, ನಗಬೇಡಿ ಎಂದು ಮನೆಯಲ್ಲಿ ಹೇಳುವುದು ಇದಕ್ಕಾಗಿ.

ಅಲ್ಲಿಂದ ಮುಂದೆ ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳ. ತುತ್ತು ಇಲ್ಲಿ ತನ್ನ ಭಾರಕ್ಕೆ ಬೀಳುವುದಿಲ್ಲ. ನಾಳದ ಸ್ನಾಯುಗಳು ಮೇಲಿನಿಂದ ಕೆಳಕ್ಕೆ ಅಲೆಯಾಗಿ ಬಿಗಿದು ಅದನ್ನು ತಳ್ಳುತ್ತವೆ. ಈ ಅಲೆಗೆ ಪೆರಿಸ್ಟಾಲ್ಸಿಸ್ ಎಂದು ಹೆಸರು. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ತುತ್ತು ಜಠರದ ಬಾಗಿಲಿಗೆ ಬರುತ್ತದೆ. ಮಲಗಿ ನುಂಗಿದರೂ ಅದು ಜಠರ ಸೇರುವುದು ಈ ಅಲೆಯಿಂದಲೇ.

ಬಾಗಿಲಲ್ಲಿ ಉಂಗುರದ ಆಕಾರದ ಬಿಗಿ ಸ್ನಾಯು ಇದೆ. ತುತ್ತು ಬಂದಾಗ ಸಡಿಲಗೊಂಡು, ಕೂಡಲೇ ಬಿಗಿಯಬೇಕು. ಅದು ಅಕಾಲದಲ್ಲಿ ಸಡಿಲವಾದರೆ ಜಠರದ ಆಮ್ಲ ಮೇಲಕ್ಕೆ ಬಂದು ಅನ್ನನಾಳವನ್ನು ಸುಡುತ್ತದೆ. ಜಠರದ ಒಳಗೋಡೆಗೆ ರಕ್ಷಣೆಯಾಗಿ ದಪ್ಪ ಲೋಳೆ ಇದೆ, ಅನ್ನನಾಳಕ್ಕೆ ಅಷ್ಟು ರಕ್ಷಣೆ ಇಲ್ಲ. ಎದೆಯುರಿ, ಹುಳಿತೇಗು ಬರುವುದು ಹೀಗೆ. ನೀವು ಮಾಡಬಹುದಾದದ್ದು:

ರಾತ್ರಿ ಊಟ ಮಾಡಿ ಎರಡರಿಂದ ಮೂರು ಗಂಟೆ ಮಲಗಬೇಡಿ. ಮಲಗುವಾಗ ಎಡಮಗ್ಗುಲಾಗಿ ಮಲಗಿ. ಜಠರದ ಆಕಾರದ ಕಾರಣದಿಂದ ಆಮ್ಲ ಆಗ ಬಾಗಿಲಿಗಿಂತ ಕೆಳಗೆ ನಿಲ್ಲುತ್ತದೆ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಸುಮಾರು 15 ಸೆಂಟಿಮೀಟರ್ ಎತ್ತರದ ಮರದ ತುಂಡುಗಳನ್ನು ಭದ್ರವಾಗಿ ಇಡಿ. ಎರಡು ಮೂರು ದಿಂಬು ಪೇರಿಸಿದರೆ ಅದೇ ಕೆಲಸ ಆಗುವುದಿಲ್ಲ, ಸೊಂಟ ಮಡಚಿ ಹೊಟ್ಟೆಯ ಮೇಲೆ ಒತ್ತಡ ಇನ್ನೂ ಹೆಚ್ಚುತ್ತದೆ. ತಂಬಾಕು ಬಿಡಿ, ಹೊಟ್ಟೆಯ ಸುತ್ತಳತೆ ಇಳಿದರೆ ಎದೆಯುರಿಯೂ ಇಳಿಯುತ್ತದೆ.

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ನೆನಪಿಡುವುದಾದರೆ ದಯವಿಟ್ಟು ಇದನ್ನು ನೆನಪಿಡಿ. ಹೃದಯಾಘಾತದ ನೋವು ಎದೆಯ ನಡುವೆ, ಕೆಲವೊಮ್ಮೆ ಮೇಲ್ಹೊಟ್ಟೆಯಲ್ಲಿ ಕಾಣಿಸಿಕೊಳ್ಳುತ್ತದೆ. ನೋಡುವುದಕ್ಕೆ ಎದೆಯುರಿಯಂತೆಯೇ ಇರಬಹುದು. ಒತ್ತಿದಂತೆ, ಹಿಂಡಿದಂತೆ ಭಾರ, ತಣ್ಣನೆಯ ಬೆವರು, ಉಸಿರಾಟಕ್ಕೆ ಕಷ್ಟ, ಎಡಗೈಗೆ, ದವಡೆಗೆ ಅಥವಾ ಬೆನ್ನಿಗೆ ಹರಡುವ ನೋವು, ನಡೆದರೆ ಹೆಚ್ಚುವ ನೋವು: ಇವುಗಳಲ್ಲಿ ಯಾವುದಿದ್ದರೂ ಸೋಡಾ ಕುಡಿದು ತೇಗು ಬರುವುದನ್ನು ಕಾಯುತ್ತ ಕೂರಬೇಡಿ. ಮಧುಮೇಹಿಗಳಲ್ಲಿ ಮತ್ತು ಮಹಿಳೆಯರಲ್ಲಿ ಲಕ್ಷಣಗಳು ಇನ್ನೂ ಮಸುಕಾಗಿರಬಹುದು, ಬರೀ ಸುಸ್ತು, ವಾಕರಿಕೆ ಅಷ್ಟೇ ಇರಬಹುದು. 108ಕ್ಕೆ ಕರೆ ಮಾಡಿ, ಇಸಿಜಿ ಮಾಡಿಸಿ. “ಗ್ಯಾಸ್ಟ್ರಿಕ್ ಇರಬಹುದು” ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸುವ ನೋವು ಇದಲ್ಲ.

ಹಂತ 4: ಜಠರ

ಮುದ್ದೆ, ಸಾರು ಈಗ ಜಠರದಲ್ಲಿವೆ. ಆರಾಮವಾಗಿ ಹಿಗ್ಗಿದಾಗ ಒಂದರಿಂದ ಒಂದೂವರೆ ಲೀಟರ್ ಹಿಡಿಯುವ ಸ್ನಾಯುವಿನ ಚೀಲ ಇದು. ಒಳಗೋಡೆಯಿಂದ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಪೆಪ್ಸಿನ್ ಎಂಬ ಕಿಣ್ವದ ಪೂರ್ವರೂಪ ಒಸರುತ್ತವೆ. ಆಮ್ಲ ಆ ಪೂರ್ವರೂಪವನ್ನು ಪೆಪ್ಸಿನ್ ಆಗಿ ಎಚ್ಚರಗೊಳಿಸುತ್ತದೆ, ಆಹಾರದ ಜೊತೆ ಬಂದ ಎಷ್ಟೋ ರೋಗಾಣುಗಳನ್ನು ಕೊಲ್ಲುತ್ತದೆ. ಅವರೆಕಾಳಿನ ಪ್ರೋಟೀನ್ ಒಡೆಯಲು ಶುರುವಾಗುವುದು ಇಲ್ಲಿ. ವಿಟಮಿನ್ ಬಿ12 ಹೀರಿಕೆಗೆ ಬೇಕಾದ ಒಂದು ಪ್ರೋಟೀನನ್ನೂ ಜಠರವೇ ತಯಾರಿಸಿ ಕಳಿಸುತ್ತದೆ.

ಜಠರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಜಗತ್ತು ಕಣ್ಣಾರೆ ಕಂಡದ್ದು ಒಂದು ಅಪಘಾತದಿಂದ. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಹತ್ತಿರದಿಂದ ಗುಂಡು ತಗುಲಿತು. ಗಾಯ ಮಾಯಿತು, ಆದರೆ ಹೊಟ್ಟೆಯ ಹೊರಗಿನಿಂದ ಜಠರಕ್ಕೆ ಒಂದು ತೂತು ಉಳಿದೇಬಿಟ್ಟಿತು. ಸೇನಾ ವೈದ್ಯ ವಿಲಿಯಂ ಬೋಮಾಂಟ್ ಆ ತೂತಿನ ಮೂಲಕ ದಾರಕ್ಕೆ ಕಟ್ಟಿದ ಆಹಾರವನ್ನು ಇಳಿಬಿಟ್ಟು, ಹೊರಗೆಳೆದು ನೋಡಿದ. ಜಠರರಸವನ್ನು ಸೀಸೆಯಲ್ಲಿ ಹಿಡಿದು ಮೈಯ ಬಿಸಿಯಲ್ಲಿಟ್ಟಾಗ ಮಾಂಸ ಅದರಲ್ಲೂ ಕರಗಿತು. ಜೀರ್ಣಕ್ರಿಯೆ ಬರೀ ಅರೆಯುವ ಕೆಲಸವಲ್ಲ, ರಾಸಾಯನಿಕ ಕ್ರಿಯೆ ಎಂಬುದು ಅದರಿಂದ ಖಚಿತವಾಯಿತು. ಅವನು ತನ್ನ ದಾಖಲೆಗಳನ್ನು 1833ರಲ್ಲಿ ಪ್ರಕಟಿಸಿದ. ಸಿಟ್ಟು ಬಂದಾಗ ಜಠರದ ಒಳಮೈ ಬದಲಾಗುವುದನ್ನೂ ಅವನು ಬರೆದಿಟ್ಟಿದ್ದಾನೆ.

ಈಗ ನೀವು ಕೇಳುತ್ತಿರುವ ಪ್ರಶ್ನೆಗಳಿಗೆ ಬರೋಣ.

ಎಷ್ಟು ಹೊತ್ತು? ನೀರು ಬೇಗ ಹೊರಟುಹೋಗುತ್ತದೆ. ಸಾಮಾನ್ಯ ಊಟ ಎರಡರಿಂದ ನಾಲ್ಕು ಗಂಟೆ. ಎಣ್ಣೆ, ತುಪ್ಪ ಹೆಚ್ಚಿದ್ದರೆ ಇನ್ನೂ ಹೆಚ್ಚು, ಏಕೆಂದರೆ ಕೊಬ್ಬು ಕರುಳಿಗೆ ತಲುಪಿದೊಡನೆ ಅಲ್ಲಿಂದ “ನಿಧಾನ” ಎಂಬ ಸಂದೇಶ ಜಠರಕ್ಕೆ ಹೋಗುತ್ತದೆ. ಶಸ್ತ್ರಚಿಕಿತ್ಸೆ, ಎಂಡೋಸ್ಕೋಪಿಗಳಿಗೆ ಮುನ್ನ ಇಷ್ಟು ಗಂಟೆ ಏನನ್ನೂ ತಿನ್ನಬೇಡಿ ಎನ್ನುವುದು ಜಠರ ಪೂರ್ತಿ ಬರಿದಾಗಲಿ ಎಂದು. ಗುಟ್ಟಾಗಿ ಒಂದು ಇಡ್ಲಿ ತಿಂದು ಹೋಗುವವರಿದ್ದಾರೆ. ಅರಿವಳಿಕೆಯ ಸಮಯದಲ್ಲಿ ಅದು ಮೇಲಕ್ಕೆ ಬಂದು ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಕುತ್ತು.

ಊಟದ ನಡುವೆ ನೀರು? ಕುಡಿಯಿರಿ. ಜಠರ ಅಗತ್ಯಕ್ಕೆ ತಕ್ಕಂತೆ ಆಮ್ಲ ಸುರಿಸುತ್ತಲೇ ಇರುತ್ತದೆ, ಒಂದು ಲೋಟ ನೀರಿನಿಂದ ಜೀರ್ಣಶಕ್ತಿ ಕುಂದುವುದಿಲ್ಲ. ಎದೆಯುರಿ ಇರುವವರು ಒಮ್ಮೆಗೇ ತುಂಬಾ ಕುಡಿಯದಿದ್ದರೆ ಸಾಕು.

ಖಾರ ತಿಂದರೆ ಹುಣ್ಣಾಗುತ್ತದೆಯೇ? ಖಾರ ಉರಿ ಹೆಚ್ಚಿಸಬಹುದು, ಆದರೆ ಜಠರದ ಹುಣ್ಣಿನ ಎರಡು ಮುಖ್ಯ ಕಾರಣಗಳು ಬೇರೆ. ಒಂದು, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1980ರ ದಶಕದಲ್ಲಿ ಇದನ್ನು ತೋರಿಸಿದಾಗ ಹೆಚ್ಚಿನವರು ನಂಬಲಿಲ್ಲ. ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾನೇ ಕುಡಿದು ಜಠರದ ಉರಿಯೂತ ಬರಿಸಿಕೊಂಡ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಂದು ಈ ಸೋಂಕನ್ನು ಪರೀಕ್ಷೆಯಿಂದ ಪತ್ತೆಹಚ್ಚಿ ಆ್ಯಂಟಿಬಯೋಟಿಕ್‌ಗಳಿಂದ ಗುಣಪಡಿಸಬಹುದು. ಎರಡನೆಯ ಕಾರಣ ನಾವು ನಾವೇ ನುಂಗುವ ನೋವಿನ ಮಾತ್ರೆಗಳು. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮುಂತಾದವು ಜಠರದ ರಕ್ಷಣೆಯ ಲೋಳೆಯನ್ನು ತೆಳುವಾಗಿಸುತ್ತವೆ. ಮಂಡಿನೋವಿಗೆ ತಿಂಗಳುಗಟ್ಟಲೆ ಇವನ್ನು ನುಂಗುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಇಂದೇ ವಿಚಾರಿಸಿ. ಆದರೆ ಹೃದಯಕ್ಕೆಂದು ವೈದ್ಯರು ಬರೆದುಕೊಟ್ಟ ಆಸ್ಪಿರಿನ್ ಅನ್ನು ಅವರನ್ನು ಕೇಳದೆ ನಿಲ್ಲಿಸಬಾರದು.

ಎಚ್ಚರಿಕೆ: ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆಗಳನ್ನು ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಆಮ್ಲ ಸುರಿಸುವ ಪಂಪ್‌ಗಳು ಚುರುಕಾಗುವುದು ಊಟದ ಹೊತ್ತಿಗೆ, ಮಾತ್ರೆ ಹಿಡಿಯುವುದು ಚುರುಕಾದ ಪಂಪ್‌ಗಳನ್ನೇ. ತಿಂದು ಹೊಟ್ಟೆ ಉರಿದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ವೈದ್ಯರ ಸಲಹೆಯಿಲ್ಲದೆ ವರ್ಷಗಟ್ಟಲೆ ನುಂಗುವುದೂ ಸರಿಯಲ್ಲ, ಬಿ12 ಕೊರತೆಗೆ ಅದು ದಾರಿಯಾಗಬಹುದು.

ಹಂತ 5: ಮೂರು ರಸಗಳು ಕೂಡುವ ಜಾಗ

ಜಠರದಿಂದ ಗಂಜಿಯಂತಾದ ಆಹಾರ ಸ್ವಲ್ಪ ಸ್ವಲ್ಪವಾಗಿ ಸಣ್ಣ ಕರುಳಿನ ಮೊದಲ ಭಾಗಕ್ಕೆ ಇಳಿಯುತ್ತದೆ. ಈ ಭಾಗದ ಹೆಸರು ಡ್ಯುಯೊಡಿನಮ್, ಉದ್ದ ಸುಮಾರು 25 ಸೆಂಟಿಮೀಟರ್. ಪುಟ್ಟ ಜಾಗ, ಆದರೆ ಜೀರ್ಣಕ್ರಿಯೆಯ ಕೇಂದ್ರ ಎಂದರೆ ನನ್ನ ಮಟ್ಟಿಗೆ ಜಠರವಲ್ಲ, ಇದು.

ಇಲ್ಲಿಗೆ ಲಿವರ್‌ನಿಂದ ಪಿತ್ತರಸ ಬರುತ್ತದೆ. ಲಿವರ್ ಸುಮಾರು ಒಂದೂವರೆ ಕಿಲೋ ತೂಗುವ ಅಂಗ. ಅದು ತಯಾರಿಸಿದ ಪಿತ್ತರಸವನ್ನು ಪಿತ್ತಕೋಶ ಗಟ್ಟಿಮಾಡಿ ಕೂಡಿಟ್ಟುಕೊಂಡಿರುತ್ತದೆ, ಕೊಬ್ಬು ಬಂದೊಡನೆ ಹಿಂಡಿ ಕಳಿಸುತ್ತದೆ. ಪಿತ್ತರಸದಲ್ಲಿ ಜೀರ್ಣ ಮಾಡುವ ಕಿಣ್ವವೇ ಇಲ್ಲ. ಎಣ್ಣೆ ಅಂಟಿದ ಪಾತ್ರೆಯ ಮೇಲೆ ಸೋಪು ಮಾಡುವ ಕೆಲಸವನ್ನು ಅದು ಒಗ್ಗರಣೆಯ ಎಣ್ಣೆಯ ಮೇಲೆ ಮಾಡುತ್ತದೆ, ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿ ಬಿಡಿಸುತ್ತದೆ. ಆ ಹನಿಗಳನ್ನು ಕತ್ತರಿಸುವುದು ಮೇದೋಜ್ಜೀರಕ ಗ್ರಂಥಿಯ ಲೈಪೇಸ್. ಅದೇ ಗ್ರಂಥಿಯಿಂದ ಪಿಷ್ಟಕ್ಕೆ ಅಮೈಲೇಸ್, ಪ್ರೋಟೀನಿಗೆ ಟ್ರಿಪ್ಸಿನ್, ಜೊತೆಗೆ ಜಠರದ ಆಮ್ಲವನ್ನು ಶಮನ ಮಾಡುವ ಬೈಕಾರ್ಬನೇಟ್ ಬರುತ್ತವೆ. ರಕ್ತಕ್ಕೆ ಇನ್ಸುಲಿನ್ ಬಿಡುವುದೂ ಇದೇ ಗ್ರಂಥಿ. ಮೂರನೆಯದು ಕರುಳಿನ ಗೋಡೆಯದೇ ರಸ.

ಈ ಜಾಗದ ನೋವುಗಳನ್ನು ಗುರುತಿಸಿಕೊಳ್ಳಿ. ಎಣ್ಣೆ, ಮಾಂಸದ ಊಟದ ನಂತರ ಬಲ ಪಕ್ಕೆಯ ಕೆಳಗೆ ಶುರುವಾಗಿ ಬಲ ಭುಜಕ್ಕೋ ಬೆನ್ನಿಗೋ ಹರಡುವ ನೋವು ಪಿತ್ತಕೋಶದ ಕಲ್ಲಿನದ್ದಾಗಿರಬಹುದು. ಅಲ್ಟ್ರಾಸೌಂಡ್ ಮಾಡಿಸಿದರೆ ತಿಳಿಯುತ್ತದೆ. ಮೇಲ್ಹೊಟ್ಟೆಯ ನಡುವೆ ತೀವ್ರವಾಗಿ ಬಂದು ಬೆನ್ನಿಗೆ ತೂರುವ, ಮುಂದಕ್ಕೆ ಬಾಗಿ ಕುಳಿತರೆ ತುಸು ಕಡಿಮೆಯಾಗುವ ನೋವು ಮೇದೋಜ್ಜೀರಕ ಗ್ರಂಥಿಯ ಉರಿಯೂತದ ಲಕ್ಷಣ. ಪಿತ್ತದ ಕಲ್ಲು ಮತ್ತು ಮದ್ಯ ಅದರ ಮುಖ್ಯ ಕಾರಣಗಳು. ಅದಕ್ಕೆ ಆಸ್ಪತ್ರೆಯೇ ಬೇಕು.

ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಮಲ ಬೂದಿಬಿಳಿ ಆದರೆ ಪಿತ್ತರಸದ ದಾರಿ ಕಟ್ಟಿರಬಹುದು, ಏಕೆಂದರೆ ಮಲಕ್ಕೆ ಕಂದು ಬಣ್ಣ ಬರುವುದೇ ಪಿತ್ತರಸದಿಂದ. ಕಾಮಾಲೆ ಬಂದಾಗ ನೇರವಾಗಿ ಸೊಪ್ಪಿನ ಔಷಧ ಕೊಡುವವರಲ್ಲಿಗೆ ಓಡುವುದು ನಮ್ಮಲ್ಲಿ ರೂಢಿ. ಕಲುಷಿತ ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಹೆಸರು ಮಾತ್ರ ಔಷಧಕ್ಕೆ ಬರುತ್ತದೆ. ಕಾರಣ ಕಲ್ಲೋ ಗಡ್ಡೆಯೋ ಹೆಪಟೈಟಿಸ್ ಬಿ ಯೋ ಆಗಿದ್ದವರು ಇದೇ ನಂಬಿಕೆಯಲ್ಲಿ ಅಮೂಲ್ಯ ಸಮಯ ಕಳೆದುಕೊಳ್ಳುತ್ತಾರೆ. ಗರ್ಭಿಣಿಯರಿಗೆ ಹೆಪಟೈಟಿಸ್ ಇ ಬಹಳ ಅಪಾಯಕಾರಿ. ಮೊದಲು ರಕ್ತಪರೀಕ್ಷೆ, ಉಳಿದದ್ದು ಆಮೇಲೆ.

ಹಂತ 6: ಸಣ್ಣ ಕರುಳು ಮತ್ತು ಉಪ್ಪು ಸಕ್ಕರೆಯ ನೀರು

ಸಣ್ಣ ಕರುಳಿನ ಉದ್ದವನ್ನು ಪುಸ್ತಕಗಳು ಸುಮಾರು ಆರು ಮೀಟರ್ ಎನ್ನುತ್ತವೆ. ಒಳಮೈ ತುಂಬಾ ಮಡಿಕೆಗಳು, ಮಡಿಕೆಗಳ ಮೇಲೆ ಒಂದು ಮಿಲಿಮೀಟರ್‌ಗೂ ಚಿಕ್ಕದಾದ ವಿಲ್ಲೈ ಎಂಬ ಎಳೆಗಳು, ಆ ಎಳೆಗಳ ಕೋಶಗಳ ಮೇಲೆ ಇನ್ನೂ ಸೂಕ್ಷ್ಮವಾದ ಎಳೆಗಳು. ಇದರ ಹರವು ಟೆನಿಸ್ ಅಂಗಳದಷ್ಟು ಎಂದು ಶಾಲೆಯಲ್ಲಿ ಓದಿರುತ್ತೀರಿ. ಇತ್ತೀಚಿನ ಅಳತೆಗಳ ಪ್ರಕಾರ ಅದು ಸುಮಾರು 30 ಚದರ ಮೀಟರ್, ಅಂದರೆ ಅರ್ಧ ಬ್ಯಾಡ್ಮಿಂಟನ್ ಅಂಗಳಕ್ಕೂ ಸ್ವಲ್ಪ ಕಡಿಮೆ. ಸಕ್ಕರೆ ಮತ್ತು ಅಮೈನೋ ಆಮ್ಲಗಳು ಇಲ್ಲಿಂದ ರಕ್ತಕ್ಕೆ ಸೇರಿ ನೇರವಾಗಿ ಲಿವರ್‌ಗೆ ಹೋಗುತ್ತವೆ. ಕೊಬ್ಬಿನ ಹೆಚ್ಚಿನ ಪಾಲು ದುಗ್ಧರಸದ ನಾಳಗಳ ಮೂಲಕ ಸುತ್ತುದಾರಿ ಹಿಡಿಯುತ್ತದೆ.

ಇಲ್ಲಿ ನಿಮ್ಮ ಕೈಯಲ್ಲಿರುವ ಎರಡು ಸಂಗತಿಗಳು. ರಾಗಿ, ಸೊಪ್ಪು, ಕಾಳುಗಳ ಕಬ್ಬಿಣಾಂಶ ಸುಲಭವಾಗಿ ಹೀರಲ್ಪಡುವುದಿಲ್ಲ. ಊಟದ ಮೇಲೆ ನಿಂಬೆರಸ ಹಿಂಡಿದರೆ ಹೀರಿಕೆ ಹೆಚ್ಚುತ್ತದೆ, ಊಟದ ಜೊತೆಗೇ ಕಾಫಿ, ಚಹಾ ಕುಡಿದರೆ ಕುಗ್ಗುತ್ತದೆ. ರಕ್ತಹೀನತೆ ಇರುವವರು ಕಾಫಿಯನ್ನು ಊಟದಿಂದ ಒಂದು ಗಂಟೆಯಾದರೂ ದೂರ ಇಡಿ. ಇನ್ನೊಂದು, ಹಾಲು. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ದಕ್ಷಿಣ ಭಾರತದ ಬಹಳಷ್ಟು ವಯಸ್ಕರಲ್ಲಿ ಕಡಿಮೆ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವ ಅದೇ ವ್ಯಕ್ತಿಗೆ ಮೊಸರು, ಮಜ್ಜಿಗೆ ಹಿಡಿಸುತ್ತವೆ; ಹೆಪ್ಪಿನ ಬ್ಯಾಕ್ಟೀರಿಯಾಗಳು ಆ ಸಕ್ಕರೆಯ ಒಂದು ಪಾಲನ್ನು ಮೊದಲೇ ಬಳಸಿಕೊಂಡಿರುತ್ತವೆ.

ಈಗ ನೀರಿನ ಲೆಕ್ಕ ನೋಡಿ. ದಿನಕ್ಕೆ ನೀವು ಕುಡಿಯುವುದು ಎರಡು ಲೀಟರ್ ಇರಬಹುದು. ಜೊಲ್ಲು, ಜಠರರಸ, ಪಿತ್ತ, ಉಳಿದ ರಸಗಳು ಸೇರಿ ಕರುಳಿನೊಳಕ್ಕೆ ಬರುವ ದ್ರವ ಒಟ್ಟು ಎಂಟು ಒಂಬತ್ತು ಲೀಟರ್. ಅದರ ಬಹುಪಾಲನ್ನು ಸಣ್ಣ ಕರುಳು, ಉಳಿದದ್ದರ ಹೆಚ್ಚಿನ ಭಾಗವನ್ನು ದೊಡ್ಡ ಕರುಳು ಹೀರಿ, ಮಲದಲ್ಲಿ ಹೊರಹೋಗುವುದು ನೂರಿನ್ನೂರು ಮಿಲಿಲೀಟರ್ ಮಾತ್ರ. ಭೇದಿಯಲ್ಲಿ ಈ ವ್ಯವಸ್ಥೆ ತಪ್ಪುತ್ತದೆ. ಮಗುವೊಂದು ಕೆಲವೇ ಗಂಟೆಗಳಲ್ಲಿ ಒಣಗಿ ಕುಸಿಯುವುದು ಇದರಿಂದ.

ಆದರೆ ಭೇದಿಯಲ್ಲೂ ಒಂದು ಬಾಗಿಲು ತೆರೆದೇ ಇರುತ್ತದೆ. ಕರುಳಿನ ಕೋಶಗಳಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಒಟ್ಟಿಗೇ ಒಳಗೆ ಸೇರಿಸುವ ಸಾಗಣೆಯ ಪ್ರೋಟೀನ್ ಇದೆ, ಅವುಗಳ ಹಿಂದೆ ನೀರು ಬರುತ್ತದೆ. ಬರೀ ನೀರಿಗಿಂತ, ಬರೀ ಸಕ್ಕರೆ ಪಾನಕಕ್ಕಿಂತ ಉಪ್ಪು ಸಕ್ಕರೆ ಹದವಾಗಿ ಬೆರೆತ ನೀರು ಕೆಲಸ ಮಾಡುವುದು ಈ ಕಾರಣಕ್ಕೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ದ್ರವ ಮುಗಿದುಹೋದಾಗ, ವೈದ್ಯ ದಿಲೀಪ್ ಮಹಲನಬಿಸ್ ಇದೇ ದ್ರಾವಣವನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಸಂದಿತು.

ಓಆರ್‌ಎಸ್ (ಈ ಉಪ್ಪು ಸಕ್ಕರೆಯ ದ್ರಾವಣ) ಕೊಡುವ ಕ್ರಮ:

(ಅ) ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಓದಿ. ದೊಡ್ಡ ಪೊಟ್ಟಣಕ್ಕೆ ಸಾಮಾನ್ಯವಾಗಿ ಒಂದು ಲೀಟರ್, ಚಿಕ್ಕದಕ್ಕೆ 200 ಮಿಲಿಲೀಟರ್. ಇಡೀ ಪೊಟ್ಟಣವನ್ನು ಒಮ್ಮೆಗೇ, ಅಷ್ಟೇ ನೀರಿಗೆ ಹಾಕಿ. ಅಂದಾಜಿನಲ್ಲಿ ಒಂದು ಲೋಟಕ್ಕೆ ಸ್ವಲ್ಪ ಪುಡಿ ಉದುರಿಸುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಗಟ್ಟಿಯಾದರೆ ಅಪಾಯ, ನೀರಾದರೆ ನಿಷ್ಪ್ರಯೋಜಕ.

(ಆ) ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪನ್ನು ಕೈಯಳತೆಯಲ್ಲಿ ಹಾಕಬೇಡಿ.

(ಇ) ಮಗುವಿಗೆ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರುಮಾಡಿ. ಎದೆಹಾಲು, ಊಟ ನಿಲ್ಲಿಸಬೇಡಿ. ಕಲಸಿದ ದ್ರಾವಣವನ್ನು 24 ಗಂಟೆಗಳ ನಂತರ ಚೆಲ್ಲಿ.

(ಈ) ಡಬ್ಬಿಗಳಲ್ಲಿ ಬರುವ ಸಿಹಿ ಪಾನೀಯಗಳು, ತಂಪು ಪಾನೀಯಗಳು ಓಆರ್‌ಎಸ್ ಅಲ್ಲ. ಹೆಚ್ಚು ಸಕ್ಕರೆ ಕರುಳಿನೊಳಕ್ಕೆ ಇನ್ನಷ್ಟು ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ.

ಮಗು ಮಂಕಾಗಿದ್ದರೆ, ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಹಂತ 7: ದೊಡ್ಡ ಕರುಳು

ಸುಮಾರು ಒಂದೂವರೆ ಮೀಟರ್. ನಿಮ್ಮ ಬಲ ಕೆಳಭಾಗದಲ್ಲಿ ಆರಂಭವಾಗಿ ಮೇಲಕ್ಕೇರಿ, ಪಕ್ಕೆಲುಬಿನ ಕೆಳಗೆ ಅಡ್ಡ ಹಾದು, ಎಡಗಡೆ ಇಳಿದು, ಗುದನಾಳ ಸೇರುತ್ತದೆ. ಬೆರಳಿನಿಂದ ಈ ದಾರಿಯನ್ನು ಹೊಟ್ಟೆಯ ಮೇಲೆ ಒಮ್ಮೆ ಎಳೆದು ನೋಡಿ. ಇಲ್ಲಿ ನೀರು ಮತ್ತು ಲವಣ ಹೀರಿಕೆಯಾಗುತ್ತವೆ, ಕೋಟ್ಯಂತರ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸುತ್ತವೆ.

ನಮ್ಮ ಅವರೆಕಾಳಿನ ಕಥೆ ಮುಗಿಯುವುದು ಇಲ್ಲಿ. ಕಾಳುಗಳಲ್ಲಿ ರಾಫಿನೋಸ್‌ನಂಥ ಸಕ್ಕರೆಗಳಿವೆ, ಅವನ್ನು ಒಡೆಯುವ ಕಿಣ್ವ ಮನುಷ್ಯನಲ್ಲಿ ಇಲ್ಲ. ಹಾಗೇ ದೊಡ್ಡ ಕರುಳಿಗೆ ಬಂದಾಗ ಬ್ಯಾಕ್ಟೀರಿಯಾಗಳು ತಿಂದು ಅನಿಲ ಬಿಡುತ್ತವೆ. ಇದು ರೋಗವಲ್ಲ, ಜಠರದ ತೊಂದರೆಯಂತೂ ಅಲ್ಲವೇ ಅಲ್ಲ. ಇದಕ್ಕೆ ಆಮ್ಲ ತಗ್ಗಿಸುವ ಮಾತ್ರೆ ನುಂಗುವುದು ವ್ಯರ್ಥ. ದಿನಕ್ಕೆ ಹತ್ತಿಪ್ಪತ್ತು ಬಾರಿ ಅಪಾನವಾಯು ಹೋಗುವುದು ಸಹಜ. ಕಡಿಮೆಯಾಗಬೇಕೆಂದರೆ ಒಣಕಾಳನ್ನು ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿ. ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ನಾರಿನಂಶವನ್ನು ಒಮ್ಮೆಗೇ ಏರಿಸದೆ ವಾರಗಳಲ್ಲಿ ನಿಧಾನವಾಗಿ ಹೆಚ್ಚಿಸಿ.

ಮಲಬದ್ಧತೆಯ ಬಗ್ಗೆ ಕೇಳುವವರಿಗೆ: ದಿನಕ್ಕೆ ಮೂರು ಬಾರಿಯಿಂದ ವಾರಕ್ಕೆ ಮೂರು ಬಾರಿಯವರೆಗೂ ಸಹಜವೇ. ದಿನಾ ಆಗಲೇಬೇಕೆಂದು ವಿರೇಚಕದ ಪುಡಿ ನುಂಗಬೇಡಿ. ಜಠರ ತುಂಬಿದಾಗ ದೊಡ್ಡ ಕರುಳು ಚುರುಕಾಗುತ್ತದೆ, ಬೆಳಗಿನ ತಿಂಡಿಯ ನಂತರದ ಒತ್ತಡ ಅದರದ್ದೇ. ಬಸ್ಸು ತಪ್ಪುತ್ತದೆ ಎಂದು ದಿನವೂ ತಡೆದುಕೊಂಡರೆ ಕರುಳು ಸಂದೇಶ ಕಳಿಸುವುದನ್ನೇ ಕಡಿಮೆ ಮಾಡುತ್ತದೆ. ಹತ್ತು ನಿಮಿಷ ಮೊದಲು ಎದ್ದು ಆ ಸಮಯವನ್ನು ಕಾದಿರಿಸಿ. ಕಮೋಡ್ ಬಳಸುವವರು ಕಾಲಡಿಗೆ ಚಿಕ್ಕ ಮಣೆ ಇಟ್ಟುಕೊಂಡರೆ ಕುಕ್ಕರಗಾಲಿನ ಭಂಗಿ ಸಿಕ್ಕಿ ಸುಲಭವಾಗುತ್ತದೆ. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. 100 ಗ್ರಾಂ ರಾಗಿಯಲ್ಲೇ ಸುಮಾರು 11 ಗ್ರಾಂ ಇದೆ.

ನಿಮ್ಮ ಊಟ ಎಷ್ಟು ಹೊತ್ತಿಗೆ ಹೊರಬರುತ್ತದೆ ಎಂಬುದನ್ನು ಮನೆಯಲ್ಲೇ ಅಳೆಯಬಹುದು. ಬೇಯಿಸಿದ ಮೆಕ್ಕೆಜೋಳದ ಕಾಳನ್ನು ತಿಂದ ಸಮಯ ಬರೆದಿಡಿ. ಸಿಪ್ಪೆ ಮಲದಲ್ಲಿ ಕಾಣುವ ಹೊತ್ತು ನೋಡಿ. ಹೆಚ್ಚಿನವರಲ್ಲಿ ಒಂದರಿಂದ ಎರಡು ದಿನ. ಮೂರು ದಿನ ದಾಟಿದರೆ ಕರುಳು ನಿಧಾನವಾಗಿದೆ ಎಂದರ್ಥ.

ಎಚ್ಚರಿಕೆ: ಅಪೆಂಡಿಕ್ಸ್ ಉರಿಯೂತದ ನೋವು ಸಾಮಾನ್ಯವಾಗಿ ಹೊಕ್ಕುಳ ಸುತ್ತ ಶುರುವಾಗಿ, ಗಂಟೆಗಳ ನಂತರ ಬಲ ಕೆಳಭಾಗಕ್ಕೆ ಸರಿದು ಅಲ್ಲೇ ನಿಲ್ಲುತ್ತದೆ. ಹಸಿವು ಹೋಗಿ, ವಾಕರಿಕೆ, ಜ್ವರ ಬರುತ್ತವೆ. ಕೆಮ್ಮಿದರೆ, ಹೆಜ್ಜೆಯಿಟ್ಟರೆ ನೋವು ಜಗ್ಗುತ್ತದೆ. ಹೊಟ್ಟೆ ಕಟ್ಟಿದೆ ಎಂದುಕೊಂಡು ಭೇದಿಗೆ ಕೊಡಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ಅಪೆಂಡಿಕ್ಸ್ ಒಡೆಯಬಹುದು.

ಹಂತ 8: ವೈದ್ಯರ ಮುಂದೆ

ಮೊದಲು ಬರೆದ ಹಾಳೆಯನ್ನು ಈಗ ಹೊರತೆಗೆಯಿರಿ. ನೋವು ಬಂದಾಗ ಒಂದು ಬೆರಳಿನಿಂದ ಜಾಗ ತೋರಿಸಿ ಅಲ್ಲಿ ಗುರುತು ಹಾಕಿ. ಯಾವಾಗ ಶುರುವಾಯಿತು, ಊಟಕ್ಕೆ ಮೊದಲೋ ನಂತರವೋ, ನಡುರಾತ್ರಿ ಎಬ್ಬಿಸುತ್ತದೆಯೋ, ಎಲ್ಲಿಗೆ ಹರಡುತ್ತದೆ, ಮಲವಿಸರ್ಜನೆಯಾದರೆ ಕಡಿಮೆಯಾಗುತ್ತದೆಯೋ ಎಂಬುದನ್ನು ಪಕ್ಕದಲ್ಲಿ ಬರೆಯಿರಿ. “ಗ್ಯಾಸ್ಟ್ರಿಕ್” ಎಂದು ಹೇಳುವ ಬದಲು ಈ ಹಾಳೆ ತೋರಿಸಿ.

ಇವುಗಳಿದ್ದರೆ ಕಾಯಬೇಡಿ: ನುಂಗಲು ದಿನೇ ದಿನೇ ಕಷ್ಟವಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ವಾಂತಿ, ಡಾಂಬರಿನ ಬಣ್ಣದ ಅಂಟುಮಲ, ಮಲದಲ್ಲಿ ರಕ್ತ, ವಯಸ್ಸಾದ ಮೇಲೆ ಮಲವಿಸರ್ಜನೆಯ ಕ್ರಮ ಇದ್ದಕ್ಕಿದ್ದಂತೆ ಬದಲಾಗುವುದು, ಹೊಟ್ಟೆ ಹಲಗೆಯಂತೆ ಬಿಗಿಯಾಗುವುದು. ರಕ್ತ ಬಿದ್ದರೆ ಮೂಲವ್ಯಾಧಿಯೇ ಎಂದು ಸುಮ್ಮನಾಗುವವರು ಬಹಳ. ಕರುಳಿನ ಕ್ಯಾನ್ಸರ್ ತಡವಾಗಿ ಪತ್ತೆಯಾಗಲು ಇದೂ ಒಂದು ಕಾರಣ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಬೀಟ್‌ರೂಟ್‌ನಿಂದ ಕೆಂಪಾಗುತ್ತದೆ. ಆದ್ದರಿಂದ ಹಿಂದಿನ ಎರಡು ಮೂರು ದಿನ ಏನು ತಿಂದಿರಿ ಎಂಬುದನ್ನೂ ಹೇಳಿ. ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನು, ನೋವಿನ ಮಾತ್ರೆ, ನಾಟಿ ಔಷಧದ ಪುಡಿಗಳನ್ನೂ ಬಿಡದೆ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.